ಡ್ರಿಪ್ಪಿನ ಚಕ್ರಕ್ಕೆ ಕೈ ಹಚ್ಚಬೇಡಿ, ಸ್ವಾಮಿ!

ನಮ್ಮೂರಿನ ಒಂದು ಆಸ್ಪತ್ರೆ. ಮಧ್ಯಾಹ್ನ ಎರಡು ಗಂಟೆ ದಾಟಿದೆ. ಗಂಡಸರ ವಾರ್ಡಿನ ಮೂಲೆ ಮಂಚದಲ್ಲಿ ಕಿರಾಣಿ ಅಂಗಡಿಯ ಯಜಮಾನರೊಬ್ಬರು ಮಲಗಿದ್ದಾರೆ. ಎಡಗೈಗೆ ಸೂಜಿ, ತಲೆಯ ಮೇಲೆ ತೂಗುಹಾಕಿದ ಬಾಟ್ಲಿ. ಪಕ್ಕದ ಸ್ಟೂಲಿನ ಮೇಲೆ ಅವರ ಭಾವಮೈದುನ. ಗಡಿಯಾರ ನೋಡುತ್ತಾನೆ, ಬಾಟ್ಲಿ ನೋಡುತ್ತಾನೆ, ಮತ್ತೆ ಗಡಿಯಾರ. ಕೊನೆಗೆ ಎದ್ದವನೇ ಪೈಪಿನ ಮೇಲಿನ ಪುಟ್ಟ ಚಕ್ರವನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿದ. ಹನಿ ಹೋಗಿ ಧಾರೆಯಾಯಿತು!

ಸಿಸ್ಟರ್ ಓಡಿಬಂದರು. ‘ಏನ್ರೀ ಇದು? ಮೊದ್ಲು ಕೈ ತೆಗೀರಿ!’

‘ಎರಡೂ ನಲವತ್ತರ ಬಸ್ಸು ಹೋದ್ರೆ ಆರು ಗಂಟೆವರೆಗೂ ಗತಿ ಇಲ್ಲ ಸಿಸ್ಟರ್. ಬಾಟ್ಲಿ ಮುಗಿಯೋತನಕ ಇದ್ದು ಬಾ ಅಂತ ಅಕ್ಕ ಹೇಳವ್ಳೆ. ಗ್ಲೂಕೋಸ್ ತಾನೆ, ಬೇಗ ಹೋದ್ರೇನು?’

ಗ್ಲೂಕೋಸ್ ಅಲ್ಲ ಸ್ವಾಮಿ, ಅಲ್ಲೇ ಇರುವುದು ಪೇಚು. ಪಕ್ಕದ ಮಂಚದ ನೆಂಟರನ್ನು ನೋಡಲು ಹೋಗಿದ್ದ ನಾನು ಅಂದು ಕೇಳಿ ತಿಳಿದದ್ದನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ಚಿಲ್ಲರೆ ತಪ್ಪಿದ ದಿನ

ಯಜಮಾನರಿಗೆ ಎರಡು ದಿನ ಜ್ವರ, ತಲೆನೋವು. ಮೂರನೆಯ ದಿನ ಗಲ್ಲಾಪೆಟ್ಟಿಗೆ ಮುಂದೆ ಕೂತು ಐವತ್ತರ ನೋಟಿಗೆ ಇನ್ನೂರು ರೂಪಾಯಿ ಚಿಲ್ಲರೆ ಎಣಿಸಿ ಕೊಟ್ಟರಂತೆ. ಇಪ್ಪತ್ತು ವರ್ಷದ ಗಿರಾಕಿಯ ಹೆಸರು ಮರೆತರು. ‘ಗಾಳಿ ಸೋಕಿದೆ, ಯಂತ್ರ ಕಟ್ಟಿಸಿ’ ಎಂದವರೂ ಇದ್ದರು. ಪುಣ್ಯಕ್ಕೆ ಮನೆಯಾಕೆ ಆಸ್ಪತ್ರೆಗೆ ಕರೆತಂದರು. ಬೆನ್ನಿನ ನೀರು ತೆಗೆದು ಪರೀಕ್ಷಿಸಿದಾಗ ಗೊತ್ತಾದದ್ದು ಹರ್ಪಿಸ್ ವೈರಸ್ಸು. ತುಟಿಯ ಮೇಲೆ ಜ್ವರದ ಗುಳ್ಳೆ ಎಬ್ಬಿಸುತ್ತದಲ್ಲ, ಅದೇ ಪುಣ್ಯಾತ್ಮ. ಹತ್ತು ಲಕ್ಷ ಮಂದಿಯಲ್ಲಿ ವರ್ಷಕ್ಕೆ ಎರಡೋ ನಾಲ್ಕೋ ಜನರಿಗೆ ಮೆದುಳಿಗೇ ನುಗ್ಗುತ್ತದೆ.

ಕೋಲಾರ, ಮಂಡ್ಯದ ಕಡೆ ಮೆದುಳು ಜ್ವರ ಎಂದರೆ ಸೊಳ್ಳೆಯಿಂದ ಬರುವ ಜಪಾನೀಸ್ ಜ್ವರ. ಅದಕ್ಕೆ ಮಕ್ಕಳಿಗೆ ಲಸಿಕೆ ಉಂಟು, ಬಂದಮೇಲೆ ವೈರಸ್ಸನ್ನೇ ಕೊಲ್ಲುವ ಮದ್ದಿಲ್ಲ. ಹರ್ಪಿಸ್‌ಗೆ ಮದ್ದಿದೆ. ಅದರ ಹೆಸರು ಅಸೈಕ್ಲೋವಿರ್. ಮದ್ದಿಲ್ಲದಿದ್ದರೆ ಈ ಕಾಯಿಲೆಯಲ್ಲಿ ನೂರಕ್ಕೆ ಸುಮಾರು 70 ಮಂದಿ ಸಾಯುತ್ತಾರೆ. 1980ರ ದಶಕದಲ್ಲಿ ಈ ಇಂಜೆಕ್ಷನ್ ಬಂದಮೇಲೆ ಆ ಲೆಕ್ಕ 20–30ಕ್ಕೆ ಇಳಿಯಿತು. ಇದನ್ನು ಕಂಡುಹಿಡಿದ ತಂಡದ ಗರ್ಟ್ರೂಡ್ ಎಲಿಯನ್ ಎಂಬ ಅಮೆರಿಕದ ಹೆಣ್ಣುಮಗಳಿಗೆ 1988ರಲ್ಲಿ ನೊಬೆಲ್ ಬಂತು. ಒಂದೊಂದು ದಿನ ತಡವಾದರೂ ಮೆದುಳಿಗೆ ಏಟು ಹೆಚ್ಚು. ಆದ್ದರಿಂದಲೇ ಅನುಮಾನ ಬಂದರೆ ಸಾಕು, ಪರೀಕ್ಷೆಯ ಫಲ ಬರುವ ಮುಂಚೆಯೇ ಡಾಕ್ಟರು ಶುರು ಮಾಡುತ್ತಾರೆ. ‘ರಿಪೋರ್ಟೇ ಬಂದಿಲ್ಲ, ಬಿಲ್ಲು ಹಾಕ್ತಾವ್ರೆ’ ಎಂದು ಗೊಣಗುವ ಮೊದಲು ಇದು ನೆನಪಿರಲಿ.

ಪಾಕ ಹರಳಾದಂತೆ

ಇಷ್ಟು ಒಳ್ಳೆಯ ಮದ್ದಿಗೆ ಅವಸರ ಮಾತ್ರ ಆಗದು. ಒಂದು ಡೋಸು ಇಳಿಯಲು ಕಡಿಮೆಯೆಂದರೂ ಒಂದು ಗಂಟೆ ಬೇಕು. ಸಿರಿಂಜಿನಲ್ಲಿ ಒಮ್ಮೆಗೇ ತಳ್ಳುವಂತಿಲ್ಲ, ಸೊಂಟಕ್ಕೆ ಚುಚ್ಚುವಂತಿಲ್ಲ. ಕಾರಣ ಕಿಡ್ನಿ. ಈ ಮದ್ದು ಹೆಚ್ಚುಪಾಲು ಮೂತ್ರದಲ್ಲೇ ಹೊರಗೆ ಹೋಗುತ್ತದೆ. ಆದರೆ ನೀರಿನಲ್ಲಿ ಸುಲಭಕ್ಕೆ ಕರಗುವ ಜಾತಿಯಲ್ಲ. ಒಮ್ಮೆಗೇ ನುಗ್ಗಿದರೆ, ಪಾಕ ಹೆಚ್ಚಾಗಿ ಸಕ್ಕರೆ ಹರಳುಗಟ್ಟುತ್ತದಲ್ಲ, ಹಾಗೆ ಕಿಡ್ನಿಯ ಸಣ್ಣ ನಾಳಗಳಲ್ಲಿ ಹರಳಾಗಿ ಕೂರುತ್ತದೆ. ನಾಳ ಕಟ್ಟಿತು, ಮೂತ್ರ ಕಡಿಮೆಯಾಯಿತು, ಮೆದುಳು ಉಳಿಸಲು ಹೋಗಿ ಕಿಡ್ನಿಗೆ ಬಂತು ಸಂಚಕಾರ! ಅದಕ್ಕೇ ರೋಗಿಯ ಮೈಯಲ್ಲಿ ನೀರಿನಂಶ ಸಾಕಷ್ಟಿರಬೇಕು. ಡೋಸು ಮುಗಿದ ಮೇಲಿನ ಎರಡು ಗಂಟೆ ಮೂತ್ರದಲ್ಲಿ ಮದ್ದು ಅತಿ ದಟ್ಟವಾಗಿರುತ್ತದೆ. ಎಷ್ಟು ಮೂತ್ರ ಹೋಯಿತೆಂದು ಸಿಸ್ಟರ್ ಕೇಳಿದರೆ ನಾಚಿಕೆ ಬಿಟ್ಟು ಸರಿಯಾಗಿ ಹೇಳಿ. ನೀರು ಎಷ್ಟು ಕುಡಿಸಬೇಕೆಂಬುದನ್ನು ಮಾತ್ರ ಡಾಕ್ಟರನ್ನೇ ಕೇಳಬೇಕು. ಎಚ್ಚರ ತಪ್ಪಿದವರಿಗೆ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಹೋದೀತು.

ಲೆಕ್ಕ ಹೀಗೆ: ಮೈತೂಕದ ಕಿಲೋಗೆ 10 ಮಿಲಿಗ್ರಾಂ, ಎಂಟು ಗಂಟೆಗೊಮ್ಮೆ. 60 ಕಿಲೋ ಮನುಷ್ಯನಿಗೆ ಸಲಕ್ಕೆ 600 ಮಿಲಿಗ್ರಾಂ. ಕಿಡ್ನಿ ಮೊದಲೇ ಸೊರಗಿದ್ದರೆ ಡೋಸು ಇಳಿಸಬೇಕು, ಇಲ್ಲವೆ ಅಂತರ ಹೆಚ್ಚಿಸಬೇಕು. ಹಾಗೆ ಮಾಡದಿದ್ದರೆ ಮದ್ದೇ ತಲೆಗೇರಿ ಕೈ ನಡುಗುವುದು, ಬಡಬಡಿಸುವುದು, ಇಲ್ಲದ್ದು ಕಾಣುವುದು ಎಲ್ಲ ಆಗುತ್ತದೆ. ಇದು ಕಾಯಿಲೆಯದೋ ಮದ್ದಿನದೋ ಎಂದು ಡಾಕ್ಟರಿಗೂ ತಲೆಬಿಸಿ. ಸಕ್ಕರೆ ಕಾಯಿಲೆ, ಬಿ.ಪಿ., ಕಿಡ್ನಿ ಕಲ್ಲು ಇದ್ದರೆ ದಾಖಲಾಗುವ ದಿನವೇ ಹೇಳಿಬಿಡಿ. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗಿಸುವ ಡೈಕ್ಲೋಫಿನಾಕ್ ಗುಳಿಗೆಯೂ ಕಿಡ್ನಿಗೆ ಭಾರವೇ. ಕದ್ದು ಕೊಡಬೇಡಿ.

ಇನ್ನೊಂದು. ಈ ಮದ್ದು ಸಾಬೂನು ನೀರಿಗಿಂತ ಹೆಚ್ಚು ಕ್ಷಾರ. ಸೂಜಿ ಜರುಗಿ ಮದ್ದು ನರದಿಂದ ಆಚೆ ಸೋರಿದರೆ ಚರ್ಮ, ಮಾಂಸ ಸುಟ್ಟಂತಾಗಿ ಹುಣ್ಣಾದೀತು. ಕೈ ಉರಿ, ಊತ, ಕೆಂಪು ಕಂಡರೆ ಕೂಡಲೇ ಸಿಸ್ಟರನ್ನು ಕರೆಯಬೇಕು. ‘ಸೂಜಿ ಅಂದ್ಮೇಲೆ ಉರಿಯಲ್ವೆ’ ಎಂದು ಸುಮ್ಮನಿರಕೂಡದು.

‘ಗುಳಿಗೆ ಬರೆದುಕೊಡಿ ಸಾರ್, ಮನೆಗೆ ಹೋಗ್ತೀವಿ’ ಎಂಬುದು ಐದಾರನೆಯ ದಿನದ ಮಾಮೂಲಿ ರಾಗ. ಅಂಗಡಿ ಬಾಗಿಲು ಹಾಕಿರುವವರ ಸಂಕಟ ನನಗೂ ಗೊತ್ತು. ಆದರೆ ಗುಳಿಗೆ ನುಂಗಿದರೆ ನೂರಕ್ಕೆ 15–20 ಪಾಲಷ್ಟೇ ರಕ್ತಕ್ಕೆ ಸೇರುವುದು. ಮೆದುಳಿನ ವೈರಸ್ಸಿಗೆ ಅದು ಯಾವ ಮೂಲೆಗೆ? ಇಂಜೆಕ್ಷನ್ನೇ 14ರಿಂದ 21 ದಿನ ಬೇಕು. ನಡುವೆ ಬಿಟ್ಟರೆ ಕಾಯಿಲೆ ಮರುಕಳಿಸಬಹುದು.

ಸಿಸ್ಟರ್ ಚಕ್ರ ಸರಿಮಾಡಿ, ಭಾವಮೈದುನನ ಕೈಗಡಿಯಾರವನ್ನೇ ಕೇಳಿ ತೆಗೆದುಕೊಂಡು ಹನಿ ಎಣಿಸಿದರು. ನೂರು ಮಿಲಿಲೀಟರಿನ ಬಾಟ್ಲಿ ಒಂದು ಗಂಟೆಯಲ್ಲಿ ಇಳಿಯಬೇಕಾದರೆ, ಮಿಲಿಲೀಟರಿಗೆ 20 ಹನಿಯ ಆ ಪೈಪಿನಲ್ಲಿ ನಿಮಿಷಕ್ಕೆ 33 ಹನಿ.

‘ಇಗೋ, ಕೂತು ಎಣಿಸ್ತಾ ಇರಿ. ಹೆಚ್ಚೂಕಡಿಮೆ ಆದ್ರೆ ನನ್ನ ಕರೀರಿ. ಚಕ್ರ ಮಾತ್ರ ಮುಟ್ಟಬೇಡಿ’ ಎಂದು ಗಡಿಯಾರ ವಾಪಸು ಕೊಟ್ಟರು. ನಾನು ಹೊರಟಾಗ ಮೂರು ಗಂಟೆ. ಆತ ಇನ್ನೂ ತುಟಿಯಲ್ಲೇ ಎಣಿಸುತ್ತಿದ್ದ. ಎರಡೂ ನಲವತ್ತರ ಬಸ್ಸು ಹೋಗಿ ಇಪ್ಪತ್ತು ನಿಮಿಷವಾಗಿತ್ತು.