ಮಾಸ್ತಿ ಎಣಿಸಿದ ಮೈಸೂರು, ಹಿಂದಿಗೆ ಸೇರಿದ ತಾಂಡಾ

ಶೀರ್ಷಿಕೆ ಪುಟದಲ್ಲಿ ಅಚ್ಚಾಗಿದ್ದ ಹೆಸರು ಎಂ. ವೆಂಕಟೇಶ ಅಯ್ಯಂಗಾರ್. ಮೈಸೂರು ಸಂಸ್ಥಾನದ ಜನಗಣತಿ ಸೂಪರಿಂಟೆಂಡೆಂಟ್. 1931ರ ಭಾರತ ಜನಗಣತಿಯ 25ನೇ ಸಂಪುಟ ಅದು. ಬೆಂಗಳೂರಿನ ಹಳೆಯ ಗ್ರಂಥಾಲಯವೊಂದರಲ್ಲಿ ಬೇರೆ ಯಾವುದೋ ಅಂಕಿ ಹುಡುಕಲು ತರಿಸಿಕೊಂಡಿದ್ದೆ. ಹೆಸರು ಓದಿ, ಪುಟ ತಿರುವಿ ಮುಂದೆ ಹೋದವನು ಮತ್ತೆ ಹಿಂದಕ್ಕೆ ಬಂದೆ. ಮಾಸ್ತಿ! ‘ಸುಬ್ಬಣ್ಣ’ ಬರೆದ, ‘ಚಿಕವೀರ ರಾಜೇಂದ್ರ’ ಬರೆದ ನಮ್ಮ ಮಾಸ್ತಿ.

ಅವರು ಮೈಸೂರು ಸಿವಿಲ್ ಸರ್ವೀಸಿನಲ್ಲಿದ್ದದ್ದು, 1943ರಲ್ಲಿ ಹುದ್ದೆಗೆ ರಾಜೀನಾಮೆ ಕೊಟ್ಟದ್ದು ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಸಂಸ್ಥಾನದ 65,57,302 ಜನರ ತಲೆ ಎಣಿಸುವ ಕೆಲಸಕ್ಕೆ ಮೇಲಾಳಾಗಿ ನಿಂತವರು ಅವರೇ ಎಂಬುದು ಕಣ್ಣೆದುರಿಗೆ ಬಂದಾಗ ನನಗೆ ಆದ ಖುಷಿ ಇನ್ನೂ ಇಳಿದಿಲ್ಲ. ಕನ್ನಡದ ಸಣ್ಣಕತೆಗೆ ನೆಲೆ ಕೊಟ್ಟ ಕೈ ಊರೂರಿನ ಮನೆಮಂದಿಯ ವಯಸ್ಸು, ಜಾತಿ, ಮತ, ಮಾತುಗಳ ಲೆಕ್ಕವನ್ನೂ ತಿದ್ದಿದೆ. ಮುಟ್ಟಿದರೆ ಅಂಚು ಪುಡಿಯಾಗುವ ಹಾಳೆ, ಮಡಚಿದ ನಕ್ಷೆ, ಸಾಲುಸಾಲು ಕೋಷ್ಟಕ. ಅಂದು ಮಧ್ಯಾಹ್ನ ನಾನು ಊಟಕ್ಕೆ ಏಳಲಿಲ್ಲ.

ಆ ಕಾಲದ ಗಣತಿ ಒಂದೇ ರಾತ್ರಿಯ ಗಣತಿ. ಮನೆಮನೆಯ ಪಟ್ಟಿ ಮೊದಲೇ ಸಿದ್ಧವಾಗಿರುತ್ತಿತ್ತು. ಗೊತ್ತಾದ ರಾತ್ರಿ, ಅಂದರೆ 1931ರ ಫೆಬ್ರವರಿ 26ರಂದು, ಗಣತಿದಾರ ಮತ್ತೆ ಬಾಗಿಲಿಗೆ ಹೋಗಿ ಹುಟ್ಟಿದವರನ್ನು ಸೇರಿಸಿ, ಸತ್ತವರನ್ನು ಹೊಡೆದುಹಾಕಿ ಪಟ್ಟಿ ಪಕ್ಕಾ ಮಾಡಬೇಕು. ದೇಶಕ್ಕೆಲ್ಲ ಕಮಿಷನರ್ ಆಗಿದ್ದವರು ಜೆ.ಎಚ್. ಹಟನ್. ಕಾನೂನುಭಂಗ ಚಳವಳಿಯ ಬಿಸಿ ಏರಿದ್ದ ಹೊತ್ತು. ಗಣತಿಯನ್ನು ಬಹಿಷ್ಕರಿಸಿ ಎಂದು ಕಾಂಗ್ರೆಸ್ ಕರೆ ಕೊಟ್ಟಿತ್ತು. ಅದರ ನಡುವೆಯೇ ಲೆಕ್ಕ ಮುಗಿಯಿತು. ಜಾತಿವಾರು ಅಂಕಿಗಳನ್ನು ಪೂರ್ತಿಯಾಗಿ ಪ್ರಕಟಿಸಿದ ಕೊನೆಯ ಗಣತಿಯೂ ಇದೇ ಆದ್ದರಿಂದ ಇವತ್ತಿನ ಮೀಸಲಾತಿಯ ವಾದಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬಂದು ನಿಲ್ಲುತ್ತವೆ.

ಎಣಿಸಿದ ಮೇಲೆ ವಿಂಗಡಿಸುವ ಕೆಲಸ. 1901ರಿಂದ ಚೀಟಿ ಪದ್ಧತಿ ಬಂದಿತ್ತು. ಪಟ್ಟಿಯಲ್ಲಿದ್ದ ಒಬ್ಬೊಬ್ಬರ ವಿವರವನ್ನೂ ಒಂದೊಂದು ಸಣ್ಣ ಚೀಟಿಗೆ ಇಳಿಸುವುದು, ಆಮೇಲೆ ಚೀಟಿಗಳನ್ನು ಗೂಡುಗೂಡಾಗಿ ಬೇರ್ಪಡಿಸಿ ಎಣಿಸುವುದು. ಧರ್ಮಕ್ಕೊಂದು ಬಣ್ಣದ ಕಾಗದ. ಯಾವ ದೇವರಿಗೆ ಕೈಮುಗಿಯುತ್ತಿ ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ಕಾಗದದ ಬಣ್ಣವಾಗಿ ಬದಲಾಗುತ್ತಿತ್ತು. ದರ್ಗಾಕ್ಕೂ ಹರಕೆ ಹೊತ್ತು, ಮಾರಮ್ಮನಿಗೂ ನಡೆದುಕೊಳ್ಳುವ ಮನೆಯವರನ್ನು ಗುಮಾಸ್ತ ಯಾವುದಾದರೂ ಒಂದೇ ಬಣ್ಣಕ್ಕೆ ಸೇರಿಸಲೇಬೇಕಿತ್ತು. ಧರ್ಮಗಳ ನಡುವೆ ಗೆರೆ ಗಟ್ಟಿಯಾದದ್ದರಲ್ಲಿ ಈ ಬಣ್ಣದ ಚೀಟಿಗಳ ಪಾಲು ದೊಡ್ಡದು ಎಂದೇ ನನ್ನ ನಂಬಿಕೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಭಾಷೆಯ ಕಾಲಂ. 1931ರಲ್ಲಿ ಮಾತೃಭಾಷೆಗೊಂದು ಕಾಲಂ ಇತ್ತು, ಅದರ ಪಕ್ಕದಲ್ಲೇ ಬಳಕೆಯಲ್ಲಿರುವ ಇತರ ಭಾಷೆಗಳಿಗೆ ಇನ್ನೊಂದು. ಈ ಎರಡನೆಯ ಕಾಲಂ ಬಗ್ಗೆ ನನಗೆ ವಿಶೇಷ ಪ್ರೀತಿ. ಕೋಲಾರದ ಕಡೆಯ ರೈತ ಮನೆಯಲ್ಲಿ ತೆಲುಗು ಆಡಿ ಸಂತೆಯಲ್ಲಿ ಕನ್ನಡ ಆಡುತ್ತಾನೆ ಎಂಬುದನ್ನು ಸರ್ಕಾರಿ ಕಾಗದ ಒಪ್ಪಿಕೊಂಡದ್ದು ಇಲ್ಲಿ.

ಆಗ ಒಂದು ಯೋಚನೆ ಹೊಕ್ಕಿತು, ಬಿಡಲೇ ಇಲ್ಲ. ಆ ರಾತ್ರಿ ಸೂಪರಿಂಟೆಂಡೆಂಟರ ಸ್ವಂತ ಮನೆಯ ಪಟ್ಟಿಯಲ್ಲಿ ಏನು ಬರೆದಿರಬಹುದು? ಮಾಸ್ತಿಯವರ ಮನೆಮಾತು ತಮಿಳು. ನಿಯಮದ ಪ್ರಕಾರ ಮಾತೃಭಾಷೆಯ ಕಾಲಂನಲ್ಲಿ ತಮಿಳು, ಇತರ ಭಾಷೆಯ ಕಾಲಂನಲ್ಲಿ ಕನ್ನಡ. 1920ರಲ್ಲೇ ‘ಕೆಲವು ಸಣ್ಣ ಕತೆಗಳು’ ಅಚ್ಚಾಗಿತ್ತು, ಓದುಗರು ‘ಶ್ರೀನಿವಾಸ’ ಎಂಬ ಕಾವ್ಯನಾಮವನ್ನು ಬಲ್ಲವರಾಗಿದ್ದರು. ಆದರೂ ಕನ್ನಡಿಗರೆಷ್ಟು ಎಂದು ಹೇಳುವ ಮುಖ್ಯ ಕೋಷ್ಟಕದ ಮೊತ್ತದಲ್ಲಿ ಕನ್ನಡದ ಈ ಕತೆಗಾರ ಇರುವ ಹಾಗಿಲ್ಲ. ಕೈಲಾಸಂ ಅವರದೂ ಇದೇ ಲೆಕ್ಕ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಬೇಂದ್ರೆಯವರು ಮರಾಠಿಯ ಕಾಲಂಗೆ ಹೋಗಬೇಕು. ಮಂಜೇಶ್ವರದ ಗೋವಿಂದ ಪೈ ಕೊಂಕಣಿಗೆ. ಆಮೇಲಿನ ಗಣತಿಗಳಲ್ಲಿ ಗಿರೀಶ ಕಾರ್ನಾಡರೂ ಕೊಂಕಣಿಗೇ. ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಮಂದಿಯಲ್ಲಿ ಮೂವರು ಮನೆಮಾತಿನ ಲೆಕ್ಕದಲ್ಲಿ ಕನ್ನಡದ ಕಾಲಂನಿಂದ ಹೊರಗೆ. ಮೂವರನ್ನೂ ಹಿಡಿದಿಟ್ಟುಕೊಳ್ಳುವ ಜಾಗ ಎಂದರೆ ಆ ಎರಡನೆಯ ಕಾಲಂ. ಒಂದು ಭಾಷೆಯ ಬಲ ಎಷ್ಟು ಎಂದು ತಿಳಿಯಬೇಕಾದರೆ ಅದನ್ನು ತೊಟ್ಟಿಲಲ್ಲಿ ಕೇಳಿದವರನ್ನು ಎಣಿಸಿದರೆ ಸಾಲದು, ಅದರ ಬಳಿಗೆ ತಾವಾಗಿ ನಡೆದು ಬಂದವರನ್ನೂ ಎಣಿಸಬೇಕು. 2011ರ ಗಣತಿಯಲ್ಲಿ ಕನ್ನಡವನ್ನು ಎರಡನೆಯ ಇಲ್ಲವೇ ಮೂರನೆಯ ಭಾಷೆ ಎಂದವರು ಒಂದು ಕೋಟಿಗೂ ಹೆಚ್ಚು. ಈ ಅಂಕಿಯನ್ನು ನಮ್ಮ ಭಾಷಣಗಳಲ್ಲಿ ಯಾರೂ ಎತ್ತುವುದೇ ಇಲ್ಲ.

ಪ್ರಶ್ನೆ ಹೇಗೆ ಕೇಳುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಒಂದು ಗಣತಿಯಲ್ಲಿ ತಾಯ್ನುಡಿ, ಇನ್ನೊಂದರಲ್ಲಿ ಮನೆಯಲ್ಲಿ ಸಾಮಾನ್ಯವಾಗಿ ಆಡುವ ಮಾತು, ಹೀಗೆ ದಶಕದಿಂದ ದಶಕಕ್ಕೆ ವ್ಯಾಖ್ಯೆ ಬದಲಾಗಿದೆ. ಈಗಿನದು ಮಗುವಾಗಿದ್ದಾಗ ತಾಯಿ ಆಡಿದ ಮಾತು. 1941ರದು ಯುದ್ಧದ ಗದ್ದಲದಲ್ಲಿ ಅರ್ಧಂಬರ್ಧವಾಯಿತು. 1951ರಲ್ಲಿ ಪಂಜಾಬಿನ ಹಿಂದೂಗಳನೇಕರು ಮನೆಯಲ್ಲಿ ಪಂಜಾಬಿ ಆಡುತ್ತಲೇ ಹಿಂದಿ ಎಂದು ಬರೆಸಿದರು. ಜಗಳ ಎಷ್ಟಕ್ಕೆ ಹೋಯಿತೆಂದರೆ ಅಲ್ಲಿ ಹಿಂದಿ, ಪಂಜಾಬಿ, ಉರ್ದುಗಳನ್ನು ಒಟ್ಟು ಸೇರಿಸಿಯೇ ಅಂಕಿ ಕೊಡಬೇಕಾಯಿತು. 1961ರದು ನನ್ನ ಮೆಚ್ಚಿನ ಗಣತಿ: 1,652 ಮಾತೃಭಾಷೆಗಳ ಹೆಸರು ಅಚ್ಚಾಯಿತು, ಒಬ್ಬರೇ ಒಬ್ಬರು ಹೇಳಿದ ಹೆಸರನ್ನೂ ಬಿಡಲಿಲ್ಲ. 1971ರಿಂದ ಬಾಗಿಲು ಹಾಕಿತು. ಹತ್ತು ಸಾವಿರ ಜನರಿಲ್ಲದ ಭಾಷೆ ‘ಇತರೆ’.

ಬಾಗಿಲ ಬಳಿ ಕೊಟ್ಟ ಉತ್ತರ ಕಚೇರಿ ತಲುಪುವ ಹೊತ್ತಿಗೆ ಏನಾಗುತ್ತದೆ ಎಂಬುದನ್ನು ನನಗೆ ಮನಗಾಣಿಸಿದವರು ವಿಜಯಪುರ ಜಿಲ್ಲೆಯ ನಿವೃತ್ತ ಶಾಲಾ ಮಾಸ್ತರರೊಬ್ಬರು. 2011ರ ಫೆಬ್ರವರಿಯಲ್ಲಿ ಅವರ ಪಾಲಿಗೆ ಬಂದದ್ದು ಒಂದು ಲಂಬಾಣಿ ತಾಂಡಾ. ಮುಂಜಾನೆ ಜನ ಕೂಲಿಗೆ ಹೋಗುವ ಮೊದಲೇ ಮನೆ ಮುಟ್ಟಬೇಕು, ಇಲ್ಲದಿದ್ದರೆ ಸಂಜೆಯವರೆಗೆ ಬೀಗ.

“ಹತ್ತನೇ ಪ್ರಶ್ನೆ ಮಾತೃಭಾಷಾ. ಅಂಗಳದಾಗ ಒಬ್ಬಾಕಿ ಮುದುಕಿ ಕುಂತಿದ್ಲರಿ. ‘ಯಾಡೀ, ಮನ್ಯಾಗ ಯಾವ ಮಾತ ಆಡ್ತೀರಿ?’ ಅಂತ ಕೇಳಿದೆ. ‘ನಮ್ದು ಗೋರ್ ಬೋಲಿ ನೋಡಪಾ ಮಾಸ್ತರ, ಮತ್ತೇನ ಆಡೋಣು?’ ಅಂದ್ಲು. ಲಂಬಾಣಿ ಅಂತ ಬರದೆ. ಹನ್ನೊಂದನೇದ್ರಾಗ ಕನ್ನಡ ಬರದೆ. ‘ಹಿಂದಿ ಬರ್ತೈತೇನು?’ ಅಂದ್ರ, ‘ಹುಡುಗ್ರು ಟಿವ್ಯಾಗ ಹಚ್ತಾವು, ನನಗ ತಿಳಿಯಂಗಿಲ್ಲ’ ಅಂದ್ಲರಿ.”

ನಾನು ಕೈಚೀಲದಿಂದ 2011ರ ಭಾಷಾ ಕೋಷ್ಟಕದ ಪ್ರತಿ ತೆಗೆದು ಅವರ ಮುಂದಿಟ್ಟೆ. ಹಿಂದಿ: 52,83,47,193. ಅದರ ಕೆಳಗೆ ಹಿಂದಿಯೊಳಗೆ ಸೇರಿಸಿದ 56 ಮಾತೃಭಾಷೆಗಳ ಸಾಲು. ಅವಧಿ, ಭೋಜಪುರಿ, ಛತ್ತೀಸಗಢಿ, ಮಗಹಿ, ರಾಜಸ್ಥಾನಿ. ಅವುಗಳ ನಡುವೆ ಲಮಾಣಿ/ಲಂಬಾಡಿ, 32,76,548. ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

“ನಾ ಬರದದ್ದು ಲಂಬಾಣಿ ಅಂತರೀ. ಹಿಂದಿ ಅಂತ ಯಾರು ಬರದ್ರು?”

ತಾಂಡಾದಲ್ಲಿ ಯಾರೂ ಬರೆಯಲಿಲ್ಲ. ದೇಶದ ಜನ 2011ರಲ್ಲಿ ತಮ್ಮ ಮಾತಿಗೆ ಕೊಟ್ಟ ಹೆಸರುಗಳು ಒಟ್ಟು 19,569. ಕಾಗುಣಿತದ ಭೇದ, ಊರ ಹೆಸರು, ಜಾತಿ ಹೆಸರು ಎಲ್ಲ ಅದರಲ್ಲಿವೆ. ಭಾಷಾತಜ್ಞರು ಅದನ್ನು ಸೋಸಿ 1,369ಕ್ಕೆ ಇಳಿಸಿದರು. ಇನ್ನೂ 1,474 ಹೆಸರುಗಳು ಎಲ್ಲಿಗೂ ಸೇರದೆ ‘ವರ್ಗೀಕರಿಸದ್ದು’ ಎಂದಾದವು. ಹತ್ತು ಸಾವಿರದ ಗೆರೆ ಎಳೆದ ಮೇಲೆ ಉಳಿದವು 270. ಕಡೆಗೆ ಅವನ್ನು ಗುಂಪು ಮಾಡಿ 121 ಭಾಷೆ ಎಂದು ಪ್ರಕಟಿಸಿದರು. ಸೋಸುವುದು ಬೇಕು, ಅದನ್ನು ನಾನು ಒಪ್ಪುತ್ತೇನೆ. ಗುಂಪು ಮಾಡುವ ಕೊನೆಯ ಹೆಜ್ಜೆಯನ್ನು ಒಪ್ಪಲಾರೆ. ತಮ್ಮ ಭಾಷೆ ಹಿಂದಿ ಎಂದೇ ಹೇಳಿದವರು 32,22,30,097. ಉಳಿದ ಇಪ್ಪತ್ತು ಕೋಟಿಗೂ ಮಿಕ್ಕಿದ ಜನ ಬೇರೆ ಹೆಸರು ಹೇಳಿದ್ದರು, ಹಿಂದಿಗೆ ಸೇರಿದರು. ಭೋಜಪುರಿಯವರೇ ಐದು ಕೋಟಿ.

ಅದೇ ಪಟ್ಟಿಯಲ್ಲಿ ಬಂಜಾರಿ ಎಂಬ ಇನ್ನೊಂದು ಸಾಲಿದೆ: 15,81,271. ಲಮಾಣಿಯ ಜೊತೆ ಕೂಡಿಸಿದರೆ ನಲವತ್ತೆಂಟೂವರೆ ಲಕ್ಷ ದಾಟುತ್ತದೆ. ತುಳುವಿನ 18,46,427 ಮತ್ತು ಕೊಂಕಣಿಯ 22,56,502, ಎರಡನ್ನೂ ಒಟ್ಟು ಮಾಡಿದರೂ ಇಷ್ಟಾಗುವುದಿಲ್ಲ. ಕೊಂಕಣಿ ಎಂಟನೆಯ ಪರಿಚ್ಛೇದದಲ್ಲಿದೆ, ತುಳು ಅದಕ್ಕಾಗಿ ಹೋರಾಡುತ್ತಿದೆ. ಲಂಬಾಣಿಗೆ ತನ್ನದೇ ಒಂದು ಸಾಲಿನ ಮೊತ್ತವೂ ಇಲ್ಲ. ಮೈಥಿಲಿಯೂ ಹಿಂದೆ ಹಿಂದಿಯೊಳಗೇ ಇತ್ತು. 2003ರ ಸಂವಿಧಾನ ತಿದ್ದುಪಡಿಯಿಂದ ಪರಿಚ್ಛೇದಕ್ಕೆ ಸೇರಿದ ಮೇಲೆ ಹೊರಗೆ ಬಂತು, 2011ರಲ್ಲಿ ಒಂದು ಕೋಟಿ ಮೂವತ್ತೈದು ಲಕ್ಷ ಜನರ ಭಾಷೆಯಾಗಿ ನಿಂತಿತು. ಅಂದರೆ ಹೊರಗೆ ಬರುವ ದಾರಿ ಇದೆ, ಅದು ದೆಹಲಿಯ ಮೂಲಕ ಹೋಗುತ್ತದೆ.

ಭಾಷೆಯಲ್ಲಿ ಹೀಗಾದರೆ ಸಮುದಾಯದ ಕಾಲಂನಲ್ಲಿ ಇನ್ನೊಂದು ಬಗೆ. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ. ಗಡಿ ದಾಟಿ ತೆಲಂಗಾಣಕ್ಕೆ ಕಾಲಿಟ್ಟರೆ ಪರಿಶಿಷ್ಟ ಪಂಗಡ. ಸೊಲ್ಲಾಪುರದ ಕಡೆಗೆ ಹೋದರೆ ವಿಮುಕ್ತ ಜಾತಿ, 2011ರ ಗಣತಿಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ಮೂರೂ ಕಡೆ ಅದೇ ಜನ, ಅದೇ ಸೇವಾಲಾಲರ ಪೂಜೆ, ಮದುವೆ ಸಂಬಂಧಗಳೂ ಗಡಿಯಾಚೆಗೆ ನಡೆಯುತ್ತವೆ. ಅತ್ತಿಗೆ ಎಸ್.ಸಿ., ನಾದಿನಿ ಎಸ್.ಟಿ. ಎಂದು ಬರೆಯಬೇಕಾದ ಮನೆಗಳಿವೆ. ಸೂರಗೊಂಡನಕೊಪ್ಪದ ಜಾತ್ರೆಗೆ ಮೂರೂ ರಾಜ್ಯದವರು ಬಂದು ಸೇರುವಾಗ, ಒಂದೇ ಹಾಡಿಗೆ ಹೆಜ್ಜೆ ಹಾಕುವವರನ್ನು ಮೂರು ಪಟ್ಟಿಗಳಲ್ಲಿ ಹುಡುಕಬೇಕಾದ ಸ್ಥಿತಿಯನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಇದೇ ಮಾತನ್ನು ನಮ್ಮ ಕಡೆಗೂ ತಿರುಗಿಸಬೇಕು. ಕನ್ನಡದ ಮೊತ್ತ 4,37,06,512. ಅದರ ಕೆಳಗಿನ ಸಾಲುಗಳನ್ನು ನೋಡಿ: ಕನ್ನಡ ಎಂದೇ ಹೇಳಿದವರು 4,35,06,272, ನೀಲಗಿರಿಯ ಬಡಗ 1,33,550, ಕುರುಬ/ಕುರುಂಬ 24,189, ಪ್ರಾಕೃತ ಎಂದು ಬರೆಸಿದವರು 12,257, ಮಿಕ್ಕವರು 30,244. ಬಡಗ ಬೇರೆಯೇ ಭಾಷೆ ಎನ್ನುವ ವಿದ್ವಾಂಸರಿದ್ದಾರೆ, ಆ ಜನರ ಅಭಿಮಾನವೂ ಹಾಗೇ ಇದೆ. ಅವರನ್ನು ಕೇಳದೆ ಕನ್ನಡದ ಮೊತ್ತಕ್ಕೆ ಸೇರಿಸಿಕೊಂಡು ನಾವು ಹಿಗ್ಗುವುದು ಬೇಡ. ಕೊಡಗಿನ ಯರವರ ಮಾತು ಮಲಯಾಳದ ಕೆಳಗೆ, ಕೊರವರದು ತಮಿಳಿನ ಕೆಳಗೆ. ಕರಾವಳಿಯ ಕೊರಗ ಭಾಷೆ 121ರ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಕೊಡವರ ಸಾಲಿನಲ್ಲಿ 2001ರಲ್ಲಿ 1,66,187 ಇದ್ದದ್ದು ಹತ್ತೇ ವರ್ಷದಲ್ಲಿ 1,13,857ಕ್ಕೆ ಇಳಿಯಿತು. ಬರಗಾಲ ಬಂದಾಗ ಅಂಕಿ ಇಳಿಯುವುದನ್ನು ಮೈಸೂರು ಕಂಡಿದೆ. ಧಾತು-ಈಶ್ವರದ ಬರ 1871ರ ಐವತ್ತು ಲಕ್ಷವನ್ನು 1881ಕ್ಕೆ ನಲವತ್ತೊಂದು ಲಕ್ಷಕ್ಕೆ ತಂದಿತ್ತು. ಕೊಡಗಿನಲ್ಲಿ ಅಂಥ ಬರ ಬಿದ್ದಿಲ್ಲ. ಬಾಗಿಲಲ್ಲಿ ಕೊಟ್ಟ ಉತ್ತರವೋ ಕಚೇರಿಯ ವಿಂಗಡಣೆಯೋ ಬದಲಾಗಿರಬೇಕು.

ಧರ್ಮದ ಕಾಲಂ ಈಗ ಬಣ್ಣದ ಕಾಗದದ್ದಲ್ಲ, ಸಂಕೇತ ಸಂಖ್ಯೆಯದು. 2011ರಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್, ಸಿಖ್, ಬೌದ್ಧ, ಜೈನ, ಈ ಆರಕ್ಕೆ ಸಂಖ್ಯೆ ಇತ್ತು. ಉಳಿದವರು ಹೆಸರನ್ನು ಪೂರ್ತಿ ಬರೆಸಬೇಕು. ಸರ್ನಾ ಎಂದು ಹಾಗೆ ಬರೆಸಿದವರು 49,57,467, ಹೆಚ್ಚಿನವರು ಝಾರ್ಖಂಡದ ಆದಿವಾಸಿಗಳು. ಸಂಖ್ಯೆ ಪಡೆದ ಜೈನರು 44,51,753. ಸರ್ನಾಕ್ಕೆ ಪ್ರತ್ಯೇಕ ಸಂಖ್ಯೆ ಕೊಡಿ ಎಂದು ಝಾರ್ಖಂಡ ವಿಧಾನಸಭೆ 2020ರಲ್ಲಿ ನಿರ್ಣಯ ಮಾಡಿತು. ಲಿಂಗಾಯತರ ವಿಷಯದಲ್ಲಿ 2018ರಲ್ಲಿ ನಮ್ಮಲ್ಲಿ ನಡೆದದ್ದೆಲ್ಲ ಓದುಗರಿಗೆ ನೆನಪಿದೆ, ಅದನ್ನು ಇಲ್ಲಿ ಮತ್ತೆ ಬಿಚ್ಚುವುದಿಲ್ಲ. ಬರೆಸುವ ಹಕ್ಕು ಎಲ್ಲರಿಗೂ ಇದೆ. ಬರೆಸಿದ ಹೆಸರು ಮೊತ್ತದ ಪುಟದಲ್ಲಿ ತನ್ನದೇ ಸಾಲಾಗಿ ಕಾಣುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಆ ಸಂಖ್ಯೆ.

ಮುಂದಿನ ಗಣತಿಗೆ 2027ರ ಮಾರ್ಚ್ 1 ಉಲ್ಲೇಖದ ದಿನ ಎಂದು ಸರ್ಕಾರ ಪ್ರಕಟಿಸಿದೆ. ಈ ಸಲ ಮೊಬೈಲ್ ಆ್ಯಪ್‌ನಲ್ಲಿ ಎಣಿಕೆ, ಜಾತಿಯೂ ಬರುತ್ತದೆ. ನಾನು ಕೇಳುವುದು ಒಂದನ್ನೇ. 1961ರಲ್ಲಿ ಮಾಡಿದ ಹಾಗೆ, ಜನ ಬಾಗಿಲಲ್ಲಿ ಹೇಳಿದ ಹೆಸರುಗಳನ್ನು ಹೇಳಿದ ಹಾಗೇ, ಜಿಲ್ಲಾವಾರು ಅಂಕಿಯ ಜೊತೆ ಪ್ರಕಟಿಸಲಿ. ಕಂಪ್ಯೂಟರಿನ ಕಾಲದಲ್ಲಿ ಹತ್ತು ಸಾವಿರದ ಗೆರೆಗೆ ಯಾವ ಅಗತ್ಯವೂ ಇಲ್ಲ. ಗುಂಪು ಮಾಡಿದ ಕೋಷ್ಟಕ ಬೇಕಾದವರಿಗೆ ಅದೂ ಪಕ್ಕದಲ್ಲಿ ಇರಲಿ. ತಾಂಡಾಗಳಲ್ಲಿ ಓದಿದ ಹುಡುಗರಿಗೂ ಒಂದು ಮಾತು: ಗಣತಿದಾರರು ಬರುವ ಮೊದಲೇ ಹಿರಿಯರನ್ನು ಕೂಡಿಸಿ ಒಂದೇ ಹೆಸರು ಬರೆಸಲು ಒಪ್ಪಿಸಿ. ಲಮಾಣಿ ಒಂದು ಸಾಲು, ಬಂಜಾರಿ ಇನ್ನೊಂದು ಸಾಲು ಎಂದು ಒಂದೇ ಮಾತು ಈಗಾಗಲೇ ಎರಡಾಗಿ ಒಡೆದಿದೆ.