ಪಾಸ್‌ಪೋರ್ಟ್ ಯಾರ ಡ್ರಾಯರ್‌ನಲ್ಲಿದೆ?

"ಅವನ ಹತ್ರ ಪಾಸ್‌ಪೋರ್ಟೇ ಇಲ್ವಂತೆ ಕಣಪ್ಪ. ಕಂಪನಿಯೋರು ಇಸ್ಕೊಂಡಾರಂತೆ. ನೀನು ಟಿವಿಯಾಗಿರೋನು, ಒಂದ್ ಮಾತು ಹೇಳಿ ಕೊಡಿಸಕ್ಕಾಗಲ್ವ?"

2017ರಲ್ಲಿ ಬಂದ ಫೋನ್ ಇದು. ಮಾಡಿದ್ದು ನನ್ನ ಇಂಜಿನಿಯರಿಂಗ್ ಬೆಂಚ್‌ಮೇಟ್‌ನ ಅಮ್ಮ. ಊರು ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ಮಗ್ಗುಲಿನ ಹಳ್ಳಿ. ಶಾಂತಿನಾಥ ಬಸದಿ, ತ್ರಿಮೂರ್ತಿ ದೇಗುಲ ನೋಡೋಕೆ ಹೋದವರು ಆ ಹಳ್ಳಿ ದಾಟಿಯೇ ಹೋಗಿರುತ್ತೀರಿ, ಗಮನಿಸಿರುವುದಿಲ್ಲ ಅಷ್ಟೆ. ಅಪ್ಪನಿಗೆ ಎದೆನೋವು. ಮಗ ದುಬೈನಲ್ಲಿ ಸರ್ವಿಸ್ ಇಂಜಿನಿಯರ್. ಒಂದು ವಾರ ಮಸ್ಕತ್, ಇನ್ನೊಂದು ವಾರ ದೋಹಾ, ಮತ್ತೊಂದು ವಾರ ದಮ್ಮಾಮ್. ಸುತ್ತೋದೇ ಅವನ ಕೆಲಸ. ಅಂಥವನಿಗೆ ಶಿವಮೊಗ್ಗಕ್ಕೆ ಬರೋಕಾಗಲಿಲ್ಲ.

ಯಾಕೆ? ರೆಸಿಡೆನ್ಸಿ ವೀಸಾ ನವೀಕರಣಕ್ಕೆ ಅಂತ ಪಾಸ್‌ಪೋರ್ಟನ್ನು ಕಂಪನಿಗೆ ಕೊಟ್ಟಿದ್ದ. ಸ್ಟಾಂಪಿಂಗ್‌ಗೆ ಹೋಗಿದೆ ಅಂದುಕೊಂಡಿದ್ದ. ಅದು ಹೋಗಿರಲಿಲ್ಲ. ಆಫೀಸಿನ ಪಿಆರ್‌ಒ, ಅಂದರೆ ಸರ್ಕಾರಿ ಕಚೇರಿಗಳಿಗೆ ಓಡಾಡುವ ಮನುಷ್ಯ, ಅದನ್ನು ತನ್ನ ಡ್ರಾಯರ್‌ನಲ್ಲಿಟ್ಟು ಬೀಗ ಹಾಕಿ ರಜೆಗೆ ಹೋಗಿದ್ದ. ಆಗ ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಅಪ್ಪ ತೀರಿಕೊಂಡದ್ದು ಶುಕ್ರವಾರ ಬೆಳಿಗ್ಗೆ. ಭಾನುವಾರ ಬೀಗ ತೆಗೆದು ಪಾಸ್‌ಪೋರ್ಟ್ ಕೈಗೆ ಬರುವಷ್ಟರಲ್ಲಿ ಇಲ್ಲಿ ಮಣ್ಣಾಗಿತ್ತು. ಮಣ್ಣಿಗೆ ಬರಲಿಲ್ಲ ಅನ್ನೋ ಮಾತು ನಮ್ಮ ಕಡೆ ಎಷ್ಟು ಭಾರ ಅಂತ ನಾನು ಹೇಳಬೇಕಾಗಿಲ್ಲ. ಆ ಅಮ್ಮನಿಗೆ ಟಿವಿಯವನಾದ ನಾನು ಏನು ಕೊಡಿಸಿದೆ? ಏನೂ ಇಲ್ಲ.

ಇಂಜಿನಿಯರಿಂಗ್‌ನಲ್ಲಿ ನಮಗೆ ಡೆಡ್‌ಲಾಕ್ ಅಂತ ಒಂದು ಪಾಠವಿತ್ತು. ಇವನು ಅವನಿಗೆ ಕಾಯುತ್ತಾನೆ, ಅವನು ಇವನಿಗೆ ಕಾಯುತ್ತಾನೆ, ಇಬ್ಬರೂ ನಿಂತಲ್ಲೇ ನಿಲ್ಲುತ್ತಾರೆ. ಪ್ರಯಾಣವೇ ಉದ್ಯೋಗವಾದವನ ಕಥೆ ಇದೇ. ಕೆಲಸ ಮಾಡೋಕೆ ದೇಶ ದಾಟಬೇಕು. ದೇಶ ದಾಟೋಕೆ ರೆಸಿಡೆನ್ಸಿ ಇರಬೇಕು. ರೆಸಿಡೆನ್ಸಿ ಬೇಕು ಅಂದರೆ ಪಾಸ್‌ಪೋರ್ಟ್ ಒಪ್ಪಿಸಿ ತೆಪ್ಪಗೆ ಕೂರಬೇಕು!

ಈಗ ಕಾಲ ಬದಲಾಗಿದೆಯಲ್ಲ ಅಂತೀರಾ? ಬದಲಾಗಿದೆ. ಕತಾರ್ 2015ರಲ್ಲೇ ಪಾಸ್‌ಪೋರ್ಟ್ ಮೇಲೆ ರೆಸಿಡೆನ್ಸಿ ಸ್ಟಿಕ್ಕರ್ ಅಂಟಿಸೋದನ್ನ ಬಿಟ್ಟು ಕಾರ್ಡ್ ಕೊಟ್ಟಿತು. ಕುವೈತ್ 2019ರಲ್ಲಿ ಬಿಟ್ಟಿತು. ಯುಎಇ 2022ರ ಏಪ್ರಿಲ್‌ನಲ್ಲಿ ಬಿಟ್ಟಿತು. ಈಗ ಎಮಿರೇಟ್ಸ್ ಐಡಿಯೇ ವಾಸದ ಪುರಾವೆ. ಸೌದಿ ಕೂಡ 2023ರ ಮೇ ತಿಂಗಳಿಂದ ಭಾರತವೂ ಸೇರಿ ಏಳು ದೇಶದವರಿಗೆ ಸ್ಟಿಕ್ಕರ್ ಬದಲು ಕ್ಯೂಆರ್ ಕೋಡ್ ಇರುವ ಕಾಗದ ಕೊಡಲು ಶುರು ಮಾಡಿತು. ಸ್ಟಿಕ್ಕರ್ ಹೋಯಿತು, ಸರಿ. ಆದರೆ ಕಾಯೋದು ಹೋಯಿತಾ?

ಇಲ್ಲೇ ಎಲ್ಲರೂ ಎಡವೋದು. ಯುಎಇಯಲ್ಲಿ ಹೊಸ ಕೆಲಸಕ್ಕೆ ಹೋಗುವವನಿಗೆ ಮೊದಲು ಸಿಗೋದು ಎಂಟ್ರಿ ಪರ್ಮಿಟ್. ಅದು ಒಂದೇ ಸಲ ಒಳಗೆ ಬರುವುದಕ್ಕೆ. ಒಳಗೆ ಬಂದ ಮೇಲೆ ಮೆಡಿಕಲ್, ಬೆರಳಚ್ಚು, ಐಡಿ ಅರ್ಜಿ, ಕೊನೆಗೆ ರೆಸಿಡೆನ್ಸಿ. ಈ ನಡುವೆ "ಎರಡು ದಿನ ಮಸ್ಕತ್‌ಗೆ ಹೋಗಿ ಬಾರಪ್ಪಾ" ಅಂತ ಬಾಸ್ ಕಳಿಸಿದ ಅಂತಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಜೇಬಲ್ಲೇ ಇದೆ, ವಿಮಾನ ಹತ್ತಬಹುದು. ವಾಪಸ್ ಬರೋಕೆ ಆ ಪರ್ಮಿಟ್ ನಡೆಯಲ್ಲ. ಮತ್ತೆ ಮೊದಲಿಂದ ಅರ್ಜಿ. ಅಂದರೆ ಹಿಂದೆ ಪುಸ್ತಕ ಕೈಯಲ್ಲಿ ಇರುತ್ತಿರಲಿಲ್ಲ, ಈಗ ಪುಸ್ತಕ ಇದ್ದರೂ ಹಕ್ಕು ಕೈಯಲ್ಲಿ ಇರಲ್ಲ. ಇನ್ನೊಂದು ಸಂಗತಿ: ಸಾಮಾನ್ಯ ರೆಸಿಡೆನ್ಸಿ ಇರುವವರು ಒಂದೇ ಸಮನೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ರದ್ದಾಗುತ್ತೆ. ದೂರದ ಪ್ರಾಜೆಕ್ಟ್‌ಗೆ ಹೋದವರು ದಿನ ಎಣಿಸಬೇಕು.

ಹಾಗಾದರೆ ಎರಡು ಪಾಸ್‌ಪೋರ್ಟ್ ಇಟ್ಟುಕೊಳ್ಳಬಾರದಾ? ಒಂದು ಕಚೇರಿಯಲ್ಲಿ, ಒಂದು ಜೇಬಲ್ಲಿ? ಬ್ರಿಟನ್, ಅಮೆರಿಕಾದವರಿಗೆ ಈ ಸೌಲಭ್ಯ ಇದೆ. ಹೆಚ್ಚು ಓಡಾಡುವವರು ಕಾರಣ ಕೊಟ್ಟು ಎರಡನೆಯದು ಪಡೆಯಬಹುದು. ನಮ್ಮಲ್ಲಿ ಸಾಮಾನ್ಯ ನಾಗರಿಕನಿಗೆ ಏಕಕಾಲಕ್ಕೆ ಒಂದೇ. ಹೆಚ್ಚೆಂದರೆ 36 ಪುಟದ ಬದಲು 60 ಪುಟದ್ದು ತಗೋಬಹುದು, ಅದನ್ನೇ ಜಂಬೋ ಅನ್ನೋದು. ಪುಟ ಜಾಸ್ತಿ ಆಗುತ್ತೆ, ಪುಸ್ತಕ ಒಂದೇ.

ಆ ಒಂದು ಪುಸ್ತಕ ಕಚೇರಿಯಲ್ಲಿ ಸಿಕ್ಕಿಬಿದ್ದರೆ ಏನಾಗುತ್ತೆ ಅಂತ ಜಗತ್ತು ನೋಡಿದ್ದು 2023ರ ಏಪ್ರಿಲ್‌ನಲ್ಲಿ, ಸುಡಾನ್‌ನಲ್ಲಿ. ನಿಮಗೆ ಆ ದಿನಗಳು ನೆನಪಿರುತ್ತವೆ. ಊರೂರು ಸುತ್ತಿ ಗಿಡಮೂಲಿಕೆ, ಎಣ್ಣೆ ಮಾರುವ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡಿದ್ದರು. ನಾವೆಲ್ಲ ದಿನಗಟ್ಟಲೆ ಅದೇ ಸುದ್ದಿ ಓದಿದೆವು. ಆಪರೇಷನ್ ಕಾವೇರಿಯಲ್ಲಿ ಭಾರತೀಯರನ್ನು ಕರೆತರಲಾಯಿತು. ಅದೇ ಹೊತ್ತಿಗೆ ಖಾರ್ಟೂಮ್‌ನಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಅದಕ್ಕೆ ನಮ್ಮ ಸ್ಟುಡಿಯೋದಲ್ಲಿ ಎರಡು ನಿಮಿಷವೂ ಸಿಗಲಿಲ್ಲ. ವೀಸಾಕ್ಕೆ ಅಂತ ಪಾಶ್ಚಾತ್ಯ ರಾಯಭಾರ ಕಚೇರಿಗಳಿಗೆ ಪಾಸ್‌ಪೋರ್ಟ್ ಕೊಟ್ಟಿದ್ದ ಸುಡಾನಿಗಳು ಯುದ್ಧದ ನಡುವೆ ಬರಿಗೈಲಿ ನಿಂತರು. ಸಿಬ್ಬಂದಿ ಖಾಲಿ ಮಾಡಿ ಹೋಗಿದ್ದರು, ಪುಸ್ತಕಗಳು ಕಪಾಟಿನೊಳಗೆ. ಅಮೆರಿಕದ ಕಚೇರಿಯಂತೂ, ತಪ್ಪು ಕೈಗೆ ಸಿಗಬಾರದು ಅಂತ, ಅವನ್ನು ಹರಿದು ಚೂರು ಮಾಡಿ ಹೊರಟಿತು. ಗಡಿ ದಾಟಬೇಕಾದವನ ಪಾಸ್‌ಪೋರ್ಟನ್ನ!

ಇನ್ನು ಕಾನೂನು. ನಿಮ್ಮ ಪಾಸ್‌ಪೋರ್ಟ್ ನಿಮ್ಮದಲ್ಲ ಅಂದರೆ ನಂಬ್ತೀರಾ? 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ಯಾವತ್ತಿಗೂ ಕೇಂದ್ರ ಸರ್ಕಾರದ ಸ್ವತ್ತು. ಹಾಗಿದ್ದ ಮೇಲೆ ಅದನ್ನು ಡ್ರಾಯರ್‌ನಲ್ಲಿ ಇಟ್ಟುಕೊಳ್ಳೋಕೆ ಕಂಪನಿ ಯಾರು? ಯುಎಇಯ 2021ರ ಕಾರ್ಮಿಕ ಕಾನೂನು ಕೂಡ ನೌಕರನ ದಾಖಲೆಗಳನ್ನು ಮಾಲೀಕ ತಡೆಹಿಡಿಯಬಾರದು ಅನ್ನುತ್ತೆ. ಕತಾರ್‌ನಲ್ಲಿ ಇದಕ್ಕೆ ದಂಡವೇ ಇದೆ. ಸ್ಟಾಂಪಿಂಗ್ ಅನ್ನೋದು ಕೊಟ್ಟು ತೆಗೆದುಕೊಳ್ಳೋ ವ್ಯವಹಾರ. ಅದು ಮುಗಿದ ಮೇಲೆ "ಸೇಫ್ಟಿಗೆ ನಮ್ಮ ಹತ್ರಾನೇ ಇರಲಿ" ಅನ್ನೋದಕ್ಕೆ ಬೇರೆ ಹೆಸರಿದೆ. ಬಹಳ ಜನ ಕೇಳೋದಿಲ್ಲ, ಕೆಲಸ ಹೋದೀತು ಅನ್ನೋ ಭಯ. ಆ ಭಯವನ್ನು ನಾನು ಹಂಗಿಸಲಾರೆ. ಸಾಲ ಮಾಡಿ ಹೋದವನ ಕಷ್ಟ ಎಸಿ ಸ್ಟುಡಿಯೋದಲ್ಲಿ ಕೂತವನಿಗೆ ಏನು ಗೊತ್ತು?

ಸಿಟ್ಟಿನಲ್ಲಿ ಕೆಲವರು ಮಾಡುವ ದೊಡ್ಡ ತಪ್ಪು ಬೇರೆ ಇದೆ. "ಕಳೆದುಹೋಯ್ತು ಅಂತ ಕಂಪ್ಲೇಂಟ್ ಕೊಟ್ಟು ಹೊಸದು ಮಾಡಿಸು" ಅಂತ ಯಾರೋ ಪುಕ್ಕಟೆ ಸಲಹೆ ಕೊಡ್ತಾರೆ. ಬೇಡ! ಕಳೆದಿದೆ ಅಂತ ಬರೆದುಕೊಟ್ಟ ಪಾಸ್‌ಪೋರ್ಟ್ ರದ್ದಾಗುತ್ತೆ, ಆಮೇಲೆ ಅದು ಸಿಕ್ಕರೂ ಬಳಸುವಂತಿಲ್ಲ, ಸುಳ್ಳು ಹೇಳಿದ ತಪ್ಪು ಮೇಲೆ ಬರುತ್ತೆ. ಅದರ ಬದಲು ಕೊಡುವಾಗಲೇ ಯಾವ ದಿನ, ಯಾರ ಕೈಗೆ, ಯಾಕೆ ಅಂತ ಒಂದು ಇಮೇಲ್ ಹಾಕಿ. ನಿಜವಾಗಿಯೂ ಅರ್ಜಿ ಹೋಯಿತಾ ಅಂತ ಅರ್ಜಿ ನಂಬರ್ ಕೇಳಿ. ನನ್ನ ಗೆಳೆಯ ಕೇಳಿದ್ದರೆ, ನಂಬರೇ ಇಲ್ಲ ಅನ್ನೋದು ವಾರದ ಮೊದಲೇ ಗೊತ್ತಾಗುತ್ತಿತ್ತು. ಕಂಪನಿ ಕೊಡದೇ ಹೋದರೆ ಭಾರತೀಯ ದೂತಾವಾಸ ಇದೆ, ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್ ಇದೆ. ಊರಿನಲ್ಲಿರುವ ಮನೆಯವರೂ ಅದರಲ್ಲಿ ದೂರು ಹಾಕಬಹುದು. ಅವತ್ತು ಆ ಅಮ್ಮನಿಗೆ ಇದನ್ನು ಹೇಳೋಕೆ ನನಗೇ ಗೊತ್ತಿರಲಿಲ್ಲ.

ಮೊನ್ನೆ ಅದೇ ಹಳ್ಳಿಯ ಇನ್ನೊಬ್ಬ ಹುಡುಗ ಆಫರ್ ಲೆಟರ್‌ನ ಫೋಟೋ ಕಳಿಸಿದ್ದ. ದುಬೈ ಕಂಪನಿ, ಸೇರಿದ ಹತ್ತನೇ ದಿನಕ್ಕೆ ಒಮಾನ್ ಪ್ರವಾಸ. "ಅಣ್ಣಾ, ಸೈನ್ ಹಾಕ್ಲಾ?" ಅಂತ ಕೇಳಿದ. ರೆಸಿಡೆನ್ಸಿ ಆಗೋ ಮುಂಚೆ ಹೊರಗೆ ಕಳಿಸಿದರೆ ವಾಪಸ್ ಕರೆಸಿಕೊಳ್ಳೋದು ಹೇಗೆ, ಖರ್ಚು ಯಾರದು ಅಂತ ಮೊದಲು ಬರವಣಿಗೆಯಲ್ಲಿ ಕೇಳು ಅಂದೆ. ಕೇಳಿದ. ಎರಡು ದಿನ ಬಿಟ್ಟು ಎಚ್‌ಆರ್ ಉತ್ತರ ಬಂತು: ಮೊದಲ ಪ್ರವಾಸವನ್ನು ಎರಡು ತಿಂಗಳು ಮುಂದಕ್ಕೆ ಹಾಕಿದ್ದೇವೆ.