ಆರಿಸಲಾಗದ ಕುಲುಮೆ

ಶ್ರೀರಾಂಪುರ ಎರಡನೇ ಹಂತದಿಂದ ರಿಂಗ್ ರಸ್ತೆಯ ಕಡೆಗೆ ಹೋಗುವಾಗ ಒಂದಲ್ಲ ಒಂದು ಕಡೆ ಮನೆ ಏಳುತ್ತಲೇ ಇರುತ್ತದೆ. ಹಳ್ಳಿಯಾಗಿದ್ದ ಮೈಸೂರಿನ ಈ ಅಂಚು ಬಡಾವಣೆಯಾಗಿ, 2020ರಲ್ಲಿ ಪಟ್ಟಣ ಪಂಚಾಯಿತಿಯೂ ಆಯಿತು. ಇಲ್ಲಿನ ಹಳೆಯ ಮನೆಗಳ ಕಿಟಕಿ ಮತ್ತಿಮರದ್ದೋ ಹೊನ್ನೆಯದ್ದೋ ಆಗಿರುತ್ತದೆ. ಹೊಸ ಮನೆಗಳದ್ದು ಅಲ್ಯೂಮಿನಿಯಂ: ಸರಿಯುವ ಗಾಜಿನ ಚೌಕಟ್ಟು, ಸೊಳ್ಳೆ ಪರದೆಯ ಚೌಕಟ್ಟು, ತಾರಸಿಯ ಮೇಲೆ ಸೌರಫಲಕದ ಅಂಚುಪಟ್ಟಿ. ಗೆದ್ದಲು ಹಿಡಿಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಒಬ್ಬನೇ ಎತ್ತಿಕೊಂಡು ಮಹಡಿ ಹತ್ತಬಹುದು.

ಈ ಹಗುರ ಲೋಹದ ಒಂದು ಕಿಲೋವನ್ನು ಬೇರ್ಪಡಿಸಲು ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಗೃಹಜ್ಯೋತಿಯ ತಿಂಗಳ ಗರಿಷ್ಠ ಮಿತಿ 200 ಯೂನಿಟ್. ಅಷ್ಟನ್ನೂ ಸುರಿದರೆ ಹದಿನಾಲ್ಕು ಕಿಲೋ ಲೋಹ ಸಿಗುತ್ತದೆ. ಈ ವಿದ್ಯುತ್ ಯಾವುದರಿಂದ ಹುಟ್ಟಿತು ಎಂಬುದರ ಮೇಲೆ ಒಂದು ಕಿಟಕಿಗಾಗಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರಿತು ಎಂಬುದು ನಿಲ್ಲುತ್ತದೆ.

ನಮ್ಮ ಭಾಗಕ್ಕೆ ಈ ಲೋಹ ಮೊದಲು ಬಂದದ್ದು ಪಾತ್ರೆಯ ರೂಪದಲ್ಲಿ. 1898ರಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದ್ರಾಸಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡುವ ಕೆಲಸ ಶುರುಮಾಡಿದರು. ಮುಂದೆ ಅವರೇ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿ ಬಂದರು. ಆ ಪಾತ್ರೆಗಳ ಲೋಹ ಹಡಗಿನಲ್ಲಿ ಬರುತ್ತಿತ್ತು. ಅದನ್ನು ಇಲ್ಲಿಯೇ ಕರಗಿಸಿ ತೆಗೆಯಲು ಬೇಕಾದಷ್ಟು ವಿದ್ಯುತ್ ಆಗ ನಮ್ಮಲ್ಲಿರಲಿಲ್ಲ.

ಭೂಮಿಯ ಹೊರಪದರದಲ್ಲಿ ಕಬ್ಬಿಣಕ್ಕಿಂತಲೂ ಹೆಚ್ಚಾಗಿ, ತೂಕದಲ್ಲಿ ಶೇಕಡಾ 8ರಷ್ಟು, ಅಲ್ಯೂಮಿನಿಯಂ ಇದೆ. ಆದರೆ ಅದು ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಕಬ್ಬಿಣದ ಅದಿರಿನಿಂದ ಆಮ್ಲಜನಕವನ್ನು ಇದ್ದಲಿನಿಂದಲೇ ಎಳೆದು ತೆಗೆಯಬಹುದು. ನಮ್ಮ ಊರುಗಳ ಕಮ್ಮಾರರು ಶತಮಾನಗಳ ಹಿಂದೆಯೇ ಅದನ್ನು ಮಾಡುತ್ತಿದ್ದರು. ಅಲ್ಯೂಮಿನಿಯಂ ಅದಕ್ಕೆ ಬಗ್ಗಲಿಲ್ಲ. 1886ರಲ್ಲಿ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ, ಇಬ್ಬರೂ 23 ದಾಟದ ಹುಡುಗರು, ಒಬ್ಬರಿಗೊಬ್ಬರ ಸುಳಿವಿಲ್ಲದೆ ಒಂದೇ ಉಪಾಯ ಕಂಡುಹಿಡಿದರು. ಜಗತ್ತಿನ ಎಲ್ಲ ಹೊಸ ಅಲ್ಯೂಮಿನಿಯಂ ಇವತ್ತಿಗೂ ಬಹುತೇಕ ಆ ದಾರಿಯಲ್ಲಿಯೇ ಬರುತ್ತದೆ.

ಅವರ ಯಂತ್ರವನ್ನು ಕಾರ್ಖಾನೆಯವರು ‘ಪಾಟ್’ ಎನ್ನುತ್ತಾರೆ. ಒಳಗೆ ಇಂಗಾಲ ಹೊದಿಸಿದ, ಉಕ್ಕಿನ ಉದ್ದನೆಯ ತೊಟ್ಟಿ ಅದು. ಈ ಇಂಗಾಲದ ತಳವೇ ಋಣಧ್ರುವ. ಮೇಲಿನಿಂದ ಇಳಿಬಿಟ್ಟ ಇಂಗಾಲದ ದಪ್ಪ ದಿಮ್ಮಿಗಳು ಧನಧ್ರುವ. ನಡುವೆ ಸುಮಾರು 960 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾದು ದ್ರವವಾದ ಕ್ರಯೋಲೈಟ್. ಬಾಕ್ಸೈಟ್ ಅದಿರನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಸೋಸಿ, ಸುಟ್ಟು ಪಡೆದ ಬಿಳಿ ಪುಡಿ ಅಲ್ಯುಮಿನಾ. ಅದನ್ನು ನೇರವಾಗಿ ಕರಗಿಸಲು 2000 ಡಿಗ್ರಿಗೂ ಮೀರಿದ ಶಾಖ ಬೇಕು. ಕ್ರಯೋಲೈಟಿನೊಳಗೆ ಹಾಕಿದರೆ ನೀರಿನಲ್ಲಿ ಉಪ್ಪು ಕರಗಿದಂತೆ ಕರಗಿಬಿಡುತ್ತದೆ. ಆ ಇಬ್ಬರು ಹುಡುಗರ ಉಪಾಯದ ತಿರುಳು ಇದೇ.

ಈ ದ್ರವದ ಮೂಲಕ ವಿದ್ಯುತ್ ಹರಿಸಬೇಕು. ಒಂದು ಪಾಟಿಗೆ ನಾಲ್ಕು ವೋಲ್ಟಿಗಿಂತ ಸ್ವಲ್ಪ ಹೆಚ್ಚು ಸಾಕು. ಆದರೆ ಪ್ರವಾಹ ಮಾತ್ರ ಲಕ್ಷಾಂತರ ಆಂಪಿಯರ್. ದೊಡ್ಡ ಕಾರ್ಖಾನೆಗಳಲ್ಲಿ ಮೂರು ಲಕ್ಷವನ್ನೂ ದಾಟುತ್ತದೆ. ನೂರಾರು ಪಾಟ್‌ಗಳನ್ನು ಸಾಲಾಗಿ ಜೋಡಿಸಿ ಅದೇ ಪ್ರವಾಹವನ್ನು ಒಂದರಿಂದ ಒಂದಕ್ಕೆ ದಾಟಿಸುತ್ತಾರೆ. ಪ್ರತಿ ಪಾಟಿನ ತಳದಲ್ಲಿ ಬೆಳ್ಳಿಬಣ್ಣದ ಲೋಹ ಶೇಖರವಾಗುತ್ತದೆ. ಅದನ್ನು ಹೀರಿ ತೆಗೆಯುತ್ತಾರೆ. ಬಿಡುಗಡೆಯಾದ ಆಮ್ಲಜನಕ ಮೇಲಿನ ದಿಮ್ಮಿಯನ್ನು ತಿನ್ನುತ್ತ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಡುತ್ತದೆ. ಒಂದು ಟನ್ ಲೋಹಕ್ಕೆ 400 ಕಿಲೋದಷ್ಟು ಇಂಗಾಲ ಸವೆದು, ಸುಮಾರು ಒಂದೂವರೆ ಟನ್ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ವಿದ್ಯುತ್ತೆಲ್ಲ ಸೂರ್ಯನಿಂದಲೇ ಬಂದರೂ ಈ ಪಾಲು ತಪ್ಪದು, ಏಕೆಂದರೆ ಇದು ಉರುವಲಿನ ಹೊಗೆಯಲ್ಲ, ಪಾಟಿನೊಳಗಿನ ರಸಾಯನಕ್ರಿಯೆಯೇ. ದಿಮ್ಮಿಯನ್ನು ಸವೆಯದ ವಸ್ತುವಿನಿಂದ ಮಾಡಿದರೆ ಹೊರಗೆ ಬರುವುದು ಶುದ್ಧ ಆಮ್ಲಜನಕ. ಅಲ್ಕೋವಾ ಮತ್ತು ರಿಯೋ ಟಿಂಟೋ 2018ರಲ್ಲಿ ಕೆನಡಾದಲ್ಲಿ ಎಲಿಸಿಸ್ ಕಂಪನಿ ಕಟ್ಟಿ ಇದರ ಬೆನ್ನು ಹತ್ತಿವೆ.

ಪಾಟಿಗೆ ಇನ್ನೊಂದು ಕಾಯಿಲೆ ಇದೆ. ದ್ರವದಲ್ಲಿ ಕರಗಿದ ಅಲ್ಯುಮಿನಾ ತೀರ ಕಡಿಮೆಯಾದರೆ ನಾಲ್ಕು ವೋಲ್ಟ್ ಇದ್ದದ್ದು ಒಮ್ಮೆಲೇ ಮೂವತ್ತಕ್ಕೆ ಹಾರುತ್ತದೆ. ಆಗ ಕ್ರಯೋಲೈಟಿನ ಫ್ಲೋರಿನ್ ಇಂಗಾಲದೊಡನೆ ಸೇರಿ ಪರ್‌ಫ್ಲೋರೋಕಾರ್ಬನ್ ಅನಿಲಗಳು ಹುಟ್ಟುತ್ತವೆ. ಅವುಗಳಲ್ಲಿ ಮುಖ್ಯವಾದ ಕಾರ್ಬನ್ ಟೆಟ್ರಾಫ್ಲೋರೈಡ್‌ನ ಒಂದು ಕಿಲೋ, ನೂರು ವರ್ಷಗಳ ಲೆಕ್ಕದಲ್ಲಿ, ಸುಮಾರು ಏಳು ಟನ್ ಕಾರ್ಬನ್ ಡೈಆಕ್ಸೈಡ್‌ನಷ್ಟು ಬಿಸಿ ಹಿಡಿದಿಡುತ್ತದೆ. ವಾತಾವರಣದಲ್ಲಿ ಅದರ ಆಯಸ್ಸು 50,000 ವರ್ಷ. ಮನುಷ್ಯ ಮಾಡಿದ ತಪ್ಪುಗಳಲ್ಲಿ ಇಷ್ಟು ದೀರ್ಘಾಯುಷಿಗಳು ಕಡಿಮೆ. ಸಮಾಧಾನದ ಮಾತೆಂದರೆ, ಅಲ್ಯುಮಿನಾವನ್ನು ಸಣ್ಣ ಸಣ್ಣ ತುತ್ತುಗಳಲ್ಲಿ ಉಣಿಸುವುದನ್ನು ಕಂಪ್ಯೂಟರುಗಳಿಗೆ ಒಪ್ಪಿಸಿದ ಮೇಲೆ, ಒಂದು ಟನ್ ಲೋಹಕ್ಕೆ ಹೊರಬೀಳುವ ಈ ಅನಿಲ 1990ಕ್ಕೆ ಹೋಲಿಸಿದರೆ ಬಹುಪಾಲು ತಗ್ಗಿದೆ.

ಆದರೆ ಇಂದಿನ ದೊಡ್ಡ ಹೊರೆ ಬರುವುದು ಪಾಟಿನ ಇನ್ನೊಂದು ಸ್ವಭಾವದಿಂದ. ಅದನ್ನು ಆರಿಸುವಂತಿಲ್ಲ. ನಾಲ್ಕೈದು ಗಂಟೆ ವಿದ್ಯುತ್ ಹೋದರೆ ಒಳಗಿನ ದ್ರವ ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಮತ್ತೆ ಸ್ವಿಚ್ ಒತ್ತಿದರೆ ಕರಗುವುದಿಲ್ಲ. ಒಡೆದು, ಅಗೆದು, ಹೊಸ ಹೊದಿಕೆ ಹಾಕಿ ತಿಂಗಳುಗಟ್ಟಲೆ ದುಡಿಯಬೇಕು.

ಇದು ಎಂಥ ಷರತ್ತು ಎಂಬುದನ್ನು ಕರ್ನಾಟಕ ಬೆಳಗಾವಿಯಲ್ಲಿ ಕಲಿಯಿತು. ಇಂಡಿಯನ್ ಅಲ್ಯೂಮಿನಿಯಂ ಕಂಪನಿ, ಜನರ ಬಾಯಲ್ಲಿ ಇಂಡಾಲ್, 1970ರ ಸುಮಾರಿಗೆ ಅಲ್ಲಿ ಅಲ್ಯುಮಿನಾ ಘಟಕವನ್ನೂ ಕುಲುಮೆಯನ್ನೂ ಶುರುಮಾಡಿತು. ಬಾಕ್ಸೈಟ್ ಪಕ್ಕದ ಕೊಲ್ಹಾಪುರ ಜಿಲ್ಲೆಯ ಗುಡ್ಡಗಳಿಂದ ಬರುತ್ತಿತ್ತು. ಆಗ ರಾಜ್ಯದ ವಿದ್ಯುತ್ ಎಂದರೆ ಬಹುತೇಕ ನೀರಿನ ವಿದ್ಯುತ್, ಅದರ ಬೆನ್ನೆಲುಬು ಲಿಂಗನಮಕ್ಕಿಯ ನೀರಿನಿಂದ ತಿರುಗುವ ಶರಾವತಿ ಕೇಂದ್ರ. ಬೆಳಗಾವಿಯ ಪಾಟ್‌ಗಳಿಂದ ಇಳಿದ ಲೋಹವನ್ನು ಇವತ್ತಿನ ಭಾಷೆಯಲ್ಲಿ ಕಡಿಮೆ ಕಾರ್ಬನ್ನಿನ ಅಲ್ಯೂಮಿನಿಯಂ ಎನ್ನಬಹುದಿತ್ತು. ಆ ವಿದ್ಯುತ್ತಿಗಾಗಿ ಊರು, ಗದ್ದೆ, ತೋಟ ಮುಳುಗಿಸಿಕೊಂಡು ಎದ್ದುಹೋದ ಮಲೆನಾಡಿನ ಕುಟುಂಬಗಳನ್ನು ಮರೆತು ಈ ಮಾತು ಆಡಬಾರದು.

ಮಳೆಯನ್ನೇ ನಂಬಿದ ವಿದ್ಯುತ್ತು ಮಳೆ ಕೈಕೊಟ್ಟ ವರ್ಷ ಕೈಕೊಡುತ್ತದೆ. ಎಪ್ಪತ್ತು, ಎಂಬತ್ತರ ದಶಕಗಳ ವಿದ್ಯುತ್ ಕಡಿತವನ್ನು ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕೊರತೆಯೂ ಏರಿದ ದರವೂ ಸೇರಿ ಬೆಳಗಾವಿಯ ಪಾಟ್‌ಗಳು ಕೊನೆಗೆ ನಿಂತೇಹೋದವು. 2000ದಲ್ಲಿ ಇಂಡಾಲ್ ಹಿಂಡಾಲ್ಕೋ ಕೈಸೇರಿತು. ಬೆಳಗಾವಿಯಲ್ಲಿ ಈಗ ಆಗುವುದು ಅಲ್ಯುಮಿನಾ ಮಾತ್ರ.

ಉತ್ತರಪ್ರದೇಶದ ರೇಣುಕೂಟದಲ್ಲೂ ಕಥೆ ನೀರಿನಿಂದಲೇ ಶುರುವಾಯಿತು. 1962ರಲ್ಲಿ ರಿಹಂದ್ ಅಣೆಕಟ್ಟನ್ನು ನೆಚ್ಚಿ ಹೊರಟ ಕುಲುಮೆ ಕೆಲವೇ ವರ್ಷಗಳಲ್ಲಿ ರೇಣುಸಾಗರದ ಸ್ವಂತ ಕಲ್ಲಿದ್ದಲು ಸ್ಥಾವರಕ್ಕೆ ಹೊರಳಿತು. ಅಂಗುಲ್, ಕೊರ್ಬಾ, ಝಾರ್ಸುಗುಡಾ, ಎಲ್ಲ ಕಡೆ ಅದೇ ಏರ್ಪಾಡು: ಗಣಿಯ ಬಳಿ ಕುಲುಮೆ, ಕುಲುಮೆಯ ಪಕ್ಕ ಅದರದೇ ಕಲ್ಲಿದ್ದಲು ಸ್ಥಾವರ. ಆರಿಸಲಾಗದ ಪಾಟಿಗೆ ಯಾವಾಗಲೂ ಸಿಗುವ ಬೆಂಕಿ ಬೇಕಿತ್ತು, ಅದು ಕಲ್ಲಿದ್ದಲಿನಲ್ಲಿ ಸಿಕ್ಕಿತು. ಒಂದು ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್. ಹದಿನಾಲ್ಕು ಯೂನಿಟ್ಟಿಗೆ ಹದಿನಾಲ್ಕು ಕಿಲೋ. ದಿಮ್ಮಿಯದ್ದು, ಅಲ್ಯುಮಿನಾದ್ದು ಸೇರಿಸಿದರೆ ಕಿಲೋ ಲೋಹಕ್ಕೆ 16ರಿಂದ 20 ಕಿಲೋ. ಜಲವಿದ್ಯುತ್ತಿನಿಂದ ತೆಗೆದ ಲೋಹಕ್ಕೆ ನಾಲ್ಕರ ಆಸುಪಾಸು. ಅಂಗಡಿಯಲ್ಲಿ ಎರಡೂ ಪಟ್ಟಿಗಳು ಒಂದೇ ಥರ ಹೊಳೆಯುತ್ತವೆ.

ಈ ವ್ಯತ್ಯಾಸಕ್ಕೆ ಬೆಲೆ ಕಟ್ಟುವ ಏರ್ಪಾಡೇ ಕಾರ್ಬನ್ ಮಾರುಕಟ್ಟೆ. ಭಾರತದಲ್ಲಿ ಇದರ ಪೂರ್ವಸಿದ್ಧತೆ 2012ರಲ್ಲಿ ಶುರುವಾದ ‘ಪ್ಯಾಟ್’ ಯೋಜನೆಯಲ್ಲಿ ಆಯಿತು. ಅಲ್ಲಿ ಉಳಿಸಿದ ಇಂಧನಕ್ಕೆ ಪ್ರಮಾಣಪತ್ರ ಸಿಗುತ್ತಿತ್ತು. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ, 2023ರಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ ಪ್ರಕಟವಾಯಿತು. 2025ರ ಅಕ್ಟೋಬರಿನ ನಿಯಮಗಳು ಅಲ್ಯೂಮಿನಿಯಂ, ಸಿಮೆಂಟ್, ಕ್ಲೋರ್-ಆಲ್ಕಲಿ ಮತ್ತು ಕಾಗದ, ಈ ನಾಲ್ಕು ಉದ್ಯಮಗಳ 282 ಘಟಕಗಳಿಗೆ ಗುರಿ ನಿಗದಿಮಾಡಿದವು. ಅವುಗಳಲ್ಲಿ ಅಲ್ಯೂಮಿನಿಯಂನವು 13. ಗುರಿ ಇರುವುದು ಒಂದು ಟನ್ ಉತ್ಪನ್ನಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ, 2023-24ನ್ನು ಆಧಾರವಾಗಿಟ್ಟುಕೊಂಡು.

ಉದಾಹರಣೆಗೆಂದು ಎರಡು ಕಾರ್ಖಾನೆಗಳನ್ನು ಊಹಿಸಿಕೊಳ್ಳೋಣ. ಎರಡರ ಗುರಿಯೂ ಟನ್ ಲೋಹಕ್ಕೆ 15 ಟನ್ ಕಾರ್ಬನ್ ಡೈಆಕ್ಸೈಡ್. ಎರಡೂ ವರ್ಷಕ್ಕೆ ಒಂದು ಲಕ್ಷ ಟನ್ ಲೋಹ ತೆಗೆಯುತ್ತವೆ. ಮೊದಲನೆಯದು 14.5ಕ್ಕೆ ಇಳಿಸಿತು. ಅದಕ್ಕೆ 50,000 ಪ್ರಮಾಣಪತ್ರ, ಒಂದೊಂದೂ ಒಂದು ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ. ಎರಡನೆಯದು 15.4ರಲ್ಲೇ ನಿಂತಿತು. ಅದು 40,000 ಪ್ರಮಾಣಪತ್ರ ಕೊಳ್ಳಬೇಕು. ಕೊಳ್ಳದಿದ್ದರೆ ಆ ವರ್ಷದ ಸರಾಸರಿ ಬೆಲೆಯ ಎರಡರಷ್ಟು ದಂಡ. ಇಳಿಸುವುದು ಯಾರಿಗೆ ಅಗ್ಗವೋ ಅವರು ಮೊದಲು ಇಳಿಸಲಿ, ಉಳಿದವರು ಅವರಿಗೆ ಹಣ ಕೊಡಲಿ ಎಂಬುದು ಇದರ ತರ್ಕ. ತರ್ಕ ಸರಿಯಾಗಿದೆ. ಸ್ವಂತ ಕಲ್ಲಿದ್ದಲು ಸ್ಥಾವರದ ಹೊಗೆಯೂ, ಆ ದೀರ್ಘಾಯುಷಿ ಫ್ಲೋರಿನ್ ಅನಿಲಗಳೂ ಲೆಕ್ಕದೊಳಗಿವೆ ಎಂಬುದು ಮೆಚ್ಚಬೇಕಾದ ಸಂಗತಿ.

ಆದರೆ ಇಲ್ಲಿ ಮಿತಿ ಇರುವುದು ಟನ್ನಿಗೆ ಎಷ್ಟು ಎಂಬುದಕ್ಕೆ, ಒಟ್ಟು ಎಷ್ಟು ಎಂಬುದಕ್ಕಲ್ಲ. ಉತ್ಪಾದನೆ ದುಪ್ಪಟ್ಟಾದರೆ, ಗುರಿಯನ್ನು ಪಾಲಿಸುತ್ತಲೇ ಹೊಗೆಯೂ ಸುಮಾರು ದುಪ್ಪಟ್ಟಾಗಬಹುದು. ತಲೆಗೆ ಬಳಸುವ ಅಲ್ಯೂಮಿನಿಯಂ ಇನ್ನೂ ಕಡಿಮೆ ಇರುವ ದೇಶಕ್ಕೆ ಇಂಥ ಅವಕಾಶ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಅದಕ್ಕೊಂದು ಕೊನೆಯ ವರ್ಷವನ್ನು ಈಗಲೇ ಬರೆದಿಡಬೇಕು ಎಂದೂ ಅಷ್ಟೇ ಗಟ್ಟಿಯಾಗಿ ನಂಬುತ್ತೇನೆ. ಯುರೋಪಿನದ್ದು ಬೇರೆ ಬಗೆ. 2005ರಲ್ಲಿ ಶುರುವಾದ ಅವರ ಮಾರುಕಟ್ಟೆಯಲ್ಲಿ ಒಟ್ಟು ಹೊಗೆಗೇ ಮಿತಿಯಿದೆ, ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. 2026ರ ಜನವರಿಯಿಂದ ಹೊರದೇಶಗಳ ಅಲ್ಯೂಮಿನಿಯಂ ಮೇಲೂ ಗಡಿಯಲ್ಲಿ ಕಾರ್ಬನ್ ಶುಲ್ಕದ ಲೆಕ್ಕ ಜಾರಿಯಾಗಿದೆ. ಆದರೆ ಸದ್ಯಕ್ಕೆ ಅಲ್ಲಿ ಅಲ್ಯೂಮಿನಿಯಂಗೆ ಹಿಡಿಯುವುದು ಪಾಟಿನ ನೇರ ಹೊಗೆಯನ್ನು ಮಾತ್ರ, ವಿದ್ಯುತ್ತಿನ ಹೊಗೆಯನ್ನಲ್ಲ. ಕಲ್ಲಿದ್ದಲಿನ ಲೋಹದಲ್ಲಿ ಮುಕ್ಕಾಲು ಪಾಲಿಗೂ ಮೀರಿದ ಭಾಗ ಹೀಗೆ ಲೆಕ್ಕದ ಹೊರಗೆ ಉಳಿಯುತ್ತದೆ. ನಮ್ಮ ರಫ್ತುದಾರರಿಗೆ ಇದು ಇಂದು ಅನುಕೂಲ. ಈ ಬಿಡುವನ್ನೇ ನೆಚ್ಚಿ ಇನ್ನೊಂದು ಕಲ್ಲಿದ್ದಲು ಸ್ಥಾವರ ಕಟ್ಟಿದರೆ, ನಿಯಮ ಬದಲಾದ ದಿನ ಅದೇ ಹೊರೆಯಾಗುತ್ತದೆ.

ಹಳೆಯ ಲೋಹವನ್ನು ಮತ್ತೆ ಕರಗಿಸಲು ಹೊಸದಕ್ಕೆ ಬೇಕಾದ ಶಕ್ತಿಯ ಶೇಕಡಾ 5ರಷ್ಟು ಸಾಕು, ಏಕೆಂದರೆ ಆಮ್ಲಜನಕದೊಡನೆ ಮತ್ತೆ ಸೆಣಸಬೇಕಾಗಿಲ್ಲ. ಒಡೆದ ಕುಕ್ಕರ್, ಸೊಟ್ಟಗಾದ ಕಿಟಕಿಪಟ್ಟಿ, ಸುಟ್ಟ ಮೋಟಾರಿನ ಕವಚಗಳನ್ನು ಬೀದಿ ಬೀದಿ ತಿರುಗಿ ತೂಗಿ ಒಯ್ಯುವ ಗುಜರಿಯವರು ಪ್ರತಿ ಕಿಲೋಗೆ ಹತ್ತು ಹದಿನೈದು ಕಿಲೋ ಕಾರ್ಬನ್ ಡೈಆಕ್ಸೈಡ್ ತಪ್ಪಿಸುವ ಸರಪಳಿಯ ಮೊದಲ ಕೊಂಡಿ. ಕಾರ್ಬನ್ ಮಾರುಕಟ್ಟೆಯ ಯಾವ ಪ್ರಮಾಣಪತ್ರವೂ ಅವರ ಕೈಗೆ ಬರುವುದಿಲ್ಲ. ಕಾರ್ಖಾನೆಗಳಿಗೆ ಗುರಿ ಹಾಕಿಕೊಡುವ ಇಂಧನ ದಕ್ಷತಾ ಬ್ಯೂರೋ, ಅಂದರೆ ನಮ್ಮ ಫ್ರಿಜ್ಜಿನ ಮೇಲೆ ನಕ್ಷತ್ರ ಅಂಟಿಸುವ ಅದೇ ಸಂಸ್ಥೆ, ಈ ಕೆಲಸವನ್ನೂ ಲೆಕ್ಕಕ್ಕೆ ತರುವ ದಾರಿ ಹುಡುಕಬೇಕು.

ಉಳಿದದ್ದು ಹೊಸ ಲೋಹಕ್ಕೆ ಬೇಕಾದ, ಹಗಲಿರುಳೂ ನಿಲ್ಲದ ಶುದ್ಧ ವಿದ್ಯುತ್ತಿನ ಪ್ರಶ್ನೆ. ಹಗಲಿನ ಸೌರವಿದ್ಯುತ್ತಿನಿಂದ ನೀರನ್ನು ಎತ್ತರಕ್ಕೆ ಪಂಪ್ ಮಾಡಿ, ರಾತ್ರಿ ಇಳಿಸಿ ಟರ್ಬೈನ್ ತಿರುಗಿಸಿದರೆ ಪಾಟ್ ಹೆಪ್ಪುಗಟ್ಟದೆ ಉಳಿಯುತ್ತದೆ. ಹಿಂಡಾಲ್ಕೋ ಒಡಿಶಾದ ತನ್ನ ಕುಲುಮೆಗೆ ಇಂಥ 100 ಮೆಗಾವ್ಯಾಟ್ ಪಡೆಯುವ ಯೋಜನೆಯನ್ನು ಗ್ರೀನ್ಕೋ ಜೊತೆ ಹಾಕಿಕೊಂಡಿದೆ. ಕರ್ನಾಟಕದಲ್ಲಿ ಇದೇ ತಂತ್ರದ 2000 ಮೆಗಾವ್ಯಾಟ್ ಯೋಜನೆಯನ್ನು ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ ತರಲು ಹೊರಟಿದ್ದಾರೆ. ಒಮ್ಮೆ ಮುಳುಗಿದ ಕಣಿವೆಯನ್ನು ಎರಡನೇ ಬಾರಿ ಕೇಳುವುದು ಅನ್ಯಾಯ. ಆಂಧ್ರದ ಪಿನ್ನಾಪುರದಲ್ಲಿ ಇಂಥದೇ ಜಲಾಶಯ ಜೋಡಿಯನ್ನು ನದಿಪಾತ್ರದ ಹೊರಗೆ ಕಟ್ಟಿದ್ದಾರೆ. ನಮ್ಮ ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ಅಂಥ ಜಾಗಗಳನ್ನು ಹುಡುಕಿ ಮುಗಿಸುವ ಮೊದಲು ಮಳೆಕಾಡಿಗೆ ಗುದ್ದಲಿ ಒಯ್ಯಬಾರದು.